ಅರ್ಧ ಅಗಲದ ಪಿಸ್ಟನ್

ಲೆಕ್ಕದ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಎಣ್ಣೆಯ ಒತ್ತಡದ ಪ್ರೆಸ್ಸಿನಿಂದ ಬೇರಿಂಗ್ ಒತ್ತಿ ಕಳಚುವ ಆ ವರ್ಕ್‌ಶಾಪಿನಲ್ಲಿ ಅವನ ಕೈಯಿಂದ ಏಟು ತಿನ್ನದವರೇ ಇರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬಲವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಭಾಗಿಸಿದರೆ ಎಣ್ಣೆಯ ಒತ್ತಡ ಸಿಗುತ್ತದೆಂದು ಕೇಳಿ ಕಲಿತು, ಪ್ರೆಸ್ಸಿನ ಮೈಮೇಲೇ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯುತ್ತಿದ್ದ. ತಪ್ಪೆಂದವನ ಹಲ್ಲು ಉಳಿಯುತ್ತಿರಲಿಲ್ಲ. ಅಪ್ಪ ಅಮ್ಮ ಸತ್ತ ಮೇಲೆ ತಮ್ಮನನ್ನು ಹೊಡೆದು ಬಡಿದು ಬೆಳೆಸಿದವನೂ ಅವನೇ, ಅದೇ ಪ್ರೆಸ್ಸಿನ ಕೆಲಸಕ್ಕೆ ಹಚ್ಚಿದವನೂ ಅವನೇ. ಆ ತಮ್ಮನೆಂದರೆ ಅವನಿಗೆ ಪ್ರಾಣ.

ಪ್ರೆಸ್ಸಿನ ಹಳೆಯ ಸಿಲಿಂಡರ್ ಸೋರತೊಡಗಿ ಹೊಸದು ಬಂತು. ಇಪ್ಪತ್ತು ಸೆಂಟಿಮೀಟರ್ ಅಗಲದ ಪಿಸ್ಟನ್ ಇದ್ದಲ್ಲಿ ಈಗ ಹತ್ತರದು. ಬೇಕಾದ ಬಲ ಮಾತ್ರ ಅದೇ ಮೂವತ್ತು ಟನ್.

“ಮೊದಲು ಮೀಟರಿನ ಮುಳ್ಳು ತೊಂಬತ್ತೈದಕ್ಕೆ ಬಂದ್ರೆ ಸಾಕಿತ್ತು. ಅಗಲ ಅರ್ಧ ಆಯ್ತಲ್ಲ, ಒತ್ತಡ ಎರಡರಷ್ಟು ಬೇಕು, ನೂರ ತೊಂಬತ್ತು. ಎಣ್ಣೆ ಪೈಪು ಇನ್ನೂರೈವತ್ತು ತಡೆಯುತ್ತೆ. ಹೂಂ, ಒತ್ತು!” ಎಂದ ಮೇಸ್ತ್ರಿ ತಮ್ಮನಿಗೆ.

ಅಗಲ ಅರ್ಧವಾದರೆ ವಿಸ್ತೀರ್ಣ ಕಾಲುಭಾಗಕ್ಕಿಳಿಯುತ್ತದೆ, ಒತ್ತಡ ನಾಲ್ಕರಷ್ಟು ಬೇಕಾಗುತ್ತದೆ. ಇದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಮೂವತ್ತು ವರ್ಷ ಒಂದೇ ಪಿಸ್ಟನ್ ನೋಡಿದ ತಲೆ!

ತಮ್ಮ ಪಂಪಿನ ಹಿಡಿ ಒತ್ತುತ್ತಾ ಹೋದ. “ಅಣ್ಣಾ, ಮುಳ್ಳು ಇನ್ನೂರು ದಾಟ್ತು. ಬೇರಿಂಗ್ ಅಲ್ಲಾಡ್ತಾನೇ ಇಲ್ಲ. ಇನ್ನೊಂದ್ಸಲ ಲೆಕ್ಕ ನೋಡೋ.”

“ಮೀಟರ್ ಕೆಟ್ಟಿದೆ, ಒತ್ತು!”

“ಭಯ ಆಗುತ್ತೆ ಕಣೋ.”

ಮೇಸ್ತ್ರಿ ಫಟಾರನೆ ಕೆನ್ನೆಗೆ ಬಾರಿಸಿದ. ತಮ್ಮನ ತುಟಿ ಒಡೆಯಿತು. ರಕ್ತ ಉಗಿದು, ಅಳುತ್ತಲೇ ಮತ್ತೆ ಹಿಡಿಗೆ ಕೈ ಹಾಕಿದ. ನಾಲ್ಕೈದು ಸಲ ಒತ್ತಿದ್ದನೋ ಇಲ್ಲವೋ, ಪೈಪು ಸಿಡಿಯಿತು. ಅದರ ಕಬ್ಬಿಣದ ತುದಿ ರಪ್ಪನೆ ಬಡಿದು ಅವನ ಬಲಮೊಣಕೈ ಪುಡಿಪುಡಿಯಾಯಿತು. ಎಣ್ಣೆ, ರಕ್ತ ಎರಡೂ ಗೋಡೆಗೆ ಚಿಮ್ಮಿದವು.

ಆಸ್ಪತ್ರೆಯಲ್ಲಿ ಕೈ ಕತ್ತರಿಸಿದರು. ಮೂರನೇ ದಿನ ಮಾಲೀಕ ಬಂದು, “ನಿನ್ನ ಲೆಕ್ಕ ತಪ್ಪಂತೆ, ಒತ್ತಡ ನಾಲ್ಕರಷ್ಟು ಬೇಕಿತ್ತಂತೆ. ಪೊಲೀಸರ ಹತ್ರ ಪೈಪು ಹಳೇದಿತ್ತು ಅಂತ ಬರೆಸೋಣ. ನೀನು ತೆಪ್ಪಗಿರು” ಎಂದ. ಮೇಸ್ತ್ರಿ ಅವನ ಕತ್ತಿನ ಪಟ್ಟಿ ಹಿಡಿದು ವಾರ್ಡಿನಿಂದಾಚೆಗೆ ದಬ್ಬಿದ.

ಆಮೇಲೆ ಮಂಚದ ಬಳಿ ಕೂತಿದ್ದ ತಮ್ಮನ ಹೆಂಡತಿಯೆದುರು ನಿಂತ. “ಪೈಪು ಸರಿಯಾಗೇ ಇತ್ತಮ್ಮಾ. ನನ್ನ ಲೆಕ್ಕ ತಪ್ಪಿತ್ತು. ಇವನು ಬೇಡ ಅಂದ. ನಾನೇ ಹೊಡೆದು ಒತ್ತಿಸ್ದೆ.”

“ಏನಂದ್ರಿ ಭಾವ?” ಅವಳು ಎದ್ದಳು. ಕೈಗೆ ಸಿಕ್ಕ ಸ್ಟೀಲ್ ಚೊಂಬಿನಿಂದ ಅವನ ಮುಖಕ್ಕೆ ಅಪ್ಪಳಿಸಿದಳು. ಹುಬ್ಬು ಸೀಳಿ ರಕ್ತ ಇಳಿಯಿತು. ಮತ್ತೊಂದು, ಮಗದೊಂದು. ಮೇಸ್ತ್ರಿ ಕೈ ಅಡ್ಡ ತರಲಿಲ್ಲ. ಉಸಿರು ಕಟ್ಟಿ ಅವಳೇ ನಿಲ್ಲಿಸಿದಳು.

ತಮ್ಮ ದಿಂಬಿನಿಂದ ತಲೆಯೆತ್ತಿದ.

“ಇನ್ನೊಂದು ಹಾಕೇ,” ಎಂದ, “ನನ್ನ ಪಾಲಿಂದು.”