ಆಟೋ ಮೈಕಿನ ಮಾವ

ಯಳಂದೂರಿನಲ್ಲಿ ಆಟೋ ಮೈಕಿನ ಪ್ರಚಾರಕ್ಕೆ ದನಿ ಕೊಡುತ್ತಿದ್ದವರು ನಮ್ಮ ಮಾವ. ಮಾತಿಗೆ ಮುಂಚೆ ಎಡಗಿವಿ ಮುಚ್ಚಿಕೊಳ್ಳುತ್ತಿದ್ದರು. ನಾನೂ ಹಾಗೇ ಕಿವಿ ಮುಚ್ಚಿಕೊಂಡು ಅಣಕಿಸಿದರೆ, "ಸುಮ್ನಿರ್ಲಾ ಕೋತಿ" ಎಂದು ನಗುತ್ತಿದ್ದರು.

ಗಂಟಲಿನ ಆಪರೇಷನ್ ಆದರೆ ದನಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಆಪರೇಷನ್ನಿನ ಹಿಂದಿನ ದಿನ, ಮಗಳ ಹೊಟ್ಟೆಯಲ್ಲಿದ್ದ ಕೂಸಿಗೆಂದು ಹೊಸ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದರು: "ಆತ್ಮೀಯ ಮೊಮ್ಮಗುವೇ, ಬೇಗ ಬನ್ನಿ, ತಾತನ ತೊಡೆ ಖಾಲಿ ಇದೆ!"

"ಸೇವ್ ಒತ್ಲಾ ಮಾವ?" ಎಂದೆ.

"ಏನೂ ಒತ್ಬ್ಯಾಡ ಕಣ್ಲಾ. ಮುಚ್ಚುದ್ರೆ ಅದೇ ಇಟ್ಕತದೆ."

ಅದರ ಹೆಲ್ಪ್ ಪುಟದಲ್ಲೂ ಹಾಗೇ ಬರೆದಿತ್ತು. ಮುಚ್ಚಿದೆವು.

ಆಸ್ಪತ್ರೆಯಿಂದ ಬಂದು ತೆರೆದರೆ ಏನೂ ಇರಲಿಲ್ಲ. ಸೇವ್ ಒತ್ತದಿದ್ದರೆ ಅದು ಎಲ್ಲವನ್ನೂ ಅಳಿಸುತ್ತಿತ್ತು. ಪುಟ ಬರೆದ ಪುಣ್ಯಾತ್ಮ ಒಮ್ಮೆಯೂ ಮುಚ್ಚಿ ನೋಡಿರಲಿಲ್ಲ. ದನಿಯಿಲ್ಲದ ಮಾವ ಪರದೆಯ ಮೂಲೆಮೂಲೆ ಹುಡುಕಿದರು. ಆಮೇಲೆ ಮೈಕನ್ನು ನನ್ನ ಕಡೆ ತಿರುಗಿಸಿದರು.

ಊರನ್ನೆಲ್ಲ ಅಣಕಿಸುವ ನಾನು ಮೈಕಿನ ಮುಂದೆ ಕೂತೆ. ಎಡಗಿವಿ ಮುಚ್ಚಿಕೊಂಡು ಅವರ ದನಿಯಲ್ಲಿ ಕೂಸನ್ನು ಕರೆದೆ. ಮಾವ ಸೇವ್ ಒತ್ತಿದರು. ನಂಬಿಕೆ ಬಾರದೆ ಮತ್ತೊಮ್ಮೆ ಒತ್ತಿದರು.

ಈಗಲೂ ಯಾರು ಕೇಳಿದರೂ, ಕೊಳ್ಳೇಗಾಲದ ಬಸ್ಸಿನಲ್ಲಾದರೂ ಸರಿ, ಆ ದನಿ ತೆಗೆಯುತ್ತೇನೆ. ಕೋತಿ ಎಂದು ಬೈಸಿಕೊಳ್ಳಲು ಮಾತ್ರ ಅವರೇ ಬೇಕು.