ಸಿಕ್ಕಿದ್ದ ರಜೆ

ಸುಮತಿ, ಏಳು ವರ್ಷದ ಹಿಂದೆ ನಮ್ಮ ಹೊಸ ಮನೆಯ ಒಕ್ಕಲಿಗೆಂದು ನಾನು ಕೇಳಿದ್ದ ರಜೆ ನನಗೆ ಸಿಕ್ಕಿತ್ತು. ಸಿಗಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು.

ನಿನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಹಾಗಾದ್ರೆ ಎಲ್ಲಿಗೆ ಹೋಗಿದ್ರಿ?" ಎಂದು ನೀನು ಕೇಳಿದೆ. ಬರೆದು ಕಳಿಸುತ್ತೇನೆ ಎಂದೆ. ಹೆದರಬೇಡ — ಇನ್ನೊಬ್ಬ ಹೆಂಗಸಿಲ್ಲ, ಕಾಯಿಲೆ ಇರಲಿಲ್ಲ. ಬೆಟ್ಟ ನೋಡಲು ಹೋಗಿದ್ದೆ. ಪೆರು ದೇಶಕ್ಕೆ. ಬರೆದ ಮೇಲೆ ನೋಡಿದರೆ ನನ್ನ ಸುಳ್ಳಿಗಿಂತ ನಿಜವೇ ಹೆಚ್ಚು ನಂಬಲಾಗದ ಹಾಗಿದೆ.

ಇಲ್ಲಿ ದಮ್ಮಾಮಿನಲ್ಲಿ, ನಮ್ಮ ಕೆಲಸಗಾರರ ಕ್ಯಾಂಪಿನ ಊಟದ ಕೋಣೆಯಲ್ಲಿ ಯಾರೋ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಟಿಸಿದ್ದರು. ಅದರ ಚಿತ್ರ ಪೆರುವಿನ ಮಾಚು ಪಿಚು — ಹಿಂದಿನ ಕಾಲದ ಇಂಕಾ ಜನ ಬೆಟ್ಟದ ನೆತ್ತಿಯಲ್ಲಿ ಕಟ್ಟಿ ಬಿಟ್ಟುಹೋದ ಕಲ್ಲಿನ ಊರು. ಹನ್ನೊಂದು ವರ್ಷ ಅದನ್ನು ನೋಡುತ್ತಲೇ ಅನ್ನ ಸಾರು ಉಂಡಿದ್ದೇನೆ. ಗಲ್ಫಿನವನ ರಜೆ ಅವನದ್ದಲ್ಲ ಎಂಬುದು ನಿನಗೂ ಗೊತ್ತು. ಮಂಗಳೂರಿನಲ್ಲಿ ಇಳಿಯುವ ಮೊದಲೇ ಮೂವತ್ತು ದಿನವೂ ಹಂಚಿಹೋಗಿರುತ್ತದೆ — ಮದುವೆ, ಭೂತಕೋಲ, ಬ್ಯಾಂಕು, ಹಲ್ಲಿನ ಡಾಕ್ಟರು. ಊರು ಬಿಟ್ಟು ಬೇರೆಡೆ ರಜೆ ಕಳೆಯುವವನನ್ನು ಇಲ್ಲಿ ಹುಚ್ಚನೆನ್ನುತ್ತಾರೆ. ನನಗೆ ಒಂದೇ ಒಂದು ರಜೆ ನನ್ನದಾಗಿ ಬೇಕಿತ್ತು. ಅದೇ ವರ್ಷ ಯಾಕೆ? ಮನೆ ಒಕ್ಕಲಾಗಿಬಿಟ್ಟರೆ ಇನ್ನೆಂದೂ ಆಗದು ಎಂದು ಹೆದರಿದೆ — ಯಾಕೆ ಹಾಗನಿಸಿತೋ. ನಿನ್ನನ್ನು ಕೇಳಬಹುದಿತ್ತು. ನೀನು ನಕ್ಕು, ನಾಲ್ಕು ಮಾತು ಬೈದು, ಕಡೆಗೆ ಹೋಗಿ ಬನ್ನಿ ಎನ್ನುತ್ತಿದ್ದೆಯೋ ಏನೋ. ಕೇಳಲಿಲ್ಲ.

ನಮ್ಮ ಮ್ಯಾನೇಜರ್ ಅಬೂ ಫಹದ್ ಅರ್ಜಿ ನೋಡಿದ ಕೂಡಲೇ ಸಹಿ ಹಾಕಿ ಶುಭ ಹಾರೈಸಿದ್ದರು. "ಹೊಸ ಮನೆಯಾ? ಮಬ್ರೂಕ್! ಯಲ್ಲಾ, ಹೊರಡು, ಹೆಂಡತಿ ಕಾಯುತ್ತಿರುತ್ತಾಳೆ" ಎಂದರು. ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡೇ ನಿನಗೆ ಫೋನ್ ಮಾಡಿದೆ. ಕಾರ್ಖಾನೆ ನಿಲ್ಲಿಸಿ ರಿಪೇರಿ ಮಾಡುವ ಕೆಲಸ ಬಂದಿದೆ, ಒಳಗೆ ಫೋನ್ ಒಯ್ಯುವ ಹಾಗಿಲ್ಲ, ಮ್ಯಾನೇಜರ್ ರಜೆ ಕೊಡಲಿಲ್ಲ ಎಂದೆ.

"ಎಂತ ಮಾರಾಯ್ರೆ, ಆ ಮನುಷ್ಯನಿಗೆ ಹೆಂಡ್ತಿ ಮಕ್ಕಳಿಲ್ವಾ?" ಎಂದು ಕೇಳಿದೆ ನೀನು.

"ಇದ್ದಾರೆ. ಎಂತ ಮಾಡುದು" ಎಂದೆ ನಾನು.

ಹೋದೆ. ಅಲ್ಲಿ ನನಗೆ ಖುಷಿಯಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಹಳ ಖುಷಿಯಾಯಿತು. ಬೆಳಗಿನ ಮಂಜು ಸರಿದು ಆ ಊರು ಕಾಣಿಸಿದಾಗ ಅಳು ಬಂತು. ಲಾಮಾ ಎಂಬ ಪ್ರಾಣಿಯೊಂದು ನನ್ನ ಕೈಯ ಬಿಸ್ಕತ್ತು ಕಿತ್ತುಕೊಂಡು ಹೋಯಿತು — ಒಬ್ಬನೇ ಗಟ್ಟಿಯಾಗಿ ನಕ್ಕೆ. ಮರುದಿನ ಪೇಟೆಯ ಬೀದಿಯಲ್ಲಿ ನಿಂತು ನಿನಗೆ ಫೋನ್ ಮಾಡಿದಾಗ ಹಿಂದೆ ಯಾರೋ ಕೊಳಲು ಊದುತ್ತಿದ್ದರು. ಎಂತ ಶಬ್ದ ಎಂದು ನೀನು ಕೇಳಿದ್ದೆ, ನೆನಪುಂಟಾ? ರೂಮಿನ ಫಿಲಿಪಿನೋ ಹುಡುಗರು ಎಂದಿದ್ದೆ.

ಆದರೆ ಫೋನಿಗಿಂತ ಮೊದಲು, ಆ ಬೆಟ್ಟದ ಮೇಲೆಯೇ ಒಂದು ಸಂಗತಿ ನಡೆದಿತ್ತು. ಅಲ್ಲಿ ಸಾಲು ಸಾಲು ಮನೆಗಳು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂತಿದೆ. ತಲೆಯ ಮೇಲೆ ಮಾಡು ಮಾತ್ರ ಇಲ್ಲ. ದಾರಿ ತೋರಿಸುವಾತ ಒಂದು ಬಾಗಿಲಲ್ಲಿ ನಿಂತು, ಇಲ್ಲಿ ಒಂದು ಸಂಸಾರವಿತ್ತು, ಬನ್ನಿ ಎಂದ. ಹೊಸ್ತಿಲಲ್ಲಿ ನಾನು ತಡೆದು, ಎಡಗಾಲನ್ನು ಹಿಂದೆಳೆದು, ಬಲಗಾಲಿಟ್ಟು ಒಳಗೆ ಹೋದೆ. ಯಾರೂ ಹೇಳಿದ್ದಲ್ಲ, ಕಾಲಿಗೆ ಗೊತ್ತಿತ್ತು. ಒಳಗೆ ಹೋದ ಮೇಲೆ ಹೊಳೆಯಿತು — ನಾವಿಬ್ಬರೂ ಜೊತೆಗೆ ಬಲಗಾಲಿಡಬೇಕಾಗಿದ್ದ ಮನೆಗೆ ಬೀಗ ಬಿದ್ದಿದೆ, ನಾನಿಲ್ಲಿ ಯಾರೂ ಇಲ್ಲದ ಮನೆಗೆ ಒಕ್ಕಲಾಗುತ್ತಿದ್ದೇನೆ. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಆಗಲೇ ನಿನಗೆ ಹೇಳಬೇಕಿತ್ತು.

ನಾನಿಲ್ಲದೆ ಪೂಜೆಗೆ ಕೂರುವುದಿಲ್ಲ ಎಂದು ನೀನು ಹಟ ಹಿಡಿದಿದ್ದೆ. ಮುಹೂರ್ತ ತಪ್ಪಿತು. ಒಂದಿಡೀ ವರ್ಷ ನೀನೂ ಮಗಳೂ ನಿನ್ನಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಿರಿ. ದಿನಾ ಸಂಜೆ ನೀನು ಹೋಗಿ ಹೊಸ ಮನೆಯ ಕಿಟಕಿ ತೆರೆದು, ಗುಡಿಸಿ, ಗೋಡೆಯ ಬೂಷ್ಟು ಒರೆಸಿ, ಪುನಃ ಬೀಗ ಹಾಕಿ ಬರುತ್ತಿದ್ದೆ ಎಂದು ಆಮೇಲೆ ನಿನ್ನ ಅತ್ತಿಗೆ ಹೇಳಿದರು. ನೀನು ಒಂದು ದಿನವೂ ಹೇಳಲಿಲ್ಲ.

ಸುಳ್ಳು ಅಲ್ಲಿಗೂ ನಿಲ್ಲಲಿಲ್ಲ. ವಾಪಸ್ ಬಂದ ಮೇಲೆ, ಹೊಸ ಮನೆ ಹೇಗಿದೆ ಎಂದು ಅಬೂ ಫಹದ್ ಕೇಳಿದರು. ಚೆನ್ನಾಗಿದೆ ಎಂದೆ. ನಿಮ್ಮ ಹೊಸ ಮನೆಗೆಂದು ತಮ್ಮ ತೋಟದ ಖರ್ಜೂರದ ಡಬ್ಬಿ ಕೊಟ್ಟರು. ಮರುವರ್ಷ ಮನೆ ಒಕ್ಕಲಿಗೆ ಬಂದಾಗ ಅದನ್ನು ತಂದರೆ ನೀನು ಗೇಟಿನಲ್ಲೇ ತಡೆದೆ — "ಆ ಮನುಷ್ಯನ ಖರ್ಜೂರ ನಮ್ಮ ಮನೆಯೊಳಗೆ ಬೇಡ." ಅಲ್ಲಿಂದ ಪ್ರತಿ ವರ್ಷ ಅವರು ಕೊಡುತ್ತಾರೆ, ಪ್ರತಿ ವರ್ಷ ನೀನು ಅದನ್ನು ಆಚೆಮನೆಗೆ ದಾಟಿಸುತ್ತೀ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಎಳೆದದ್ದು ನಿನ್ನ ಕೈಯಾದರೂ ಕಬ್ಬಿಣ ಕಾಯಿಸಿ ಕೊಟ್ಟವನು ನಾನು.

ಈಗ ನಿನಗೆ ವಿಸಿಟ್ ವೀಸಾ ಬಂದಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಶುಕ್ರವಾರದ ಊಟಕ್ಕೆ ಅಬೂ ಫಹದ್ ನಮ್ಮನ್ನು ಕರೆದಿದ್ದಾರೆ. ಅವತ್ತು ರಜೆ ಯಾಕೆ ಕೊಡಲಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡ್ತೇನೆ ಎಂದು ನೀನು ಹೇಳುತ್ತಿದ್ದೆ. ಸಿಕ್ಕಿಬೀಳುವ ಭಯದಿಂದಲೇ ನನಗೆ ಬಾಯಿ ಬಂದದ್ದು, ಇದನ್ನೂ ಒಪ್ಪಿಕೊಳ್ಳುತ್ತೇನೆ. ಹೋದ ವಾರ ಮೊದಲು ಅವರಿಗೇ ಹೇಳಿದೆ. ಕುಡಿಯುತ್ತಿದ್ದ ಕಾವಾ ಕಾಫಿಯ ಲೋಟ ಕೆಳಗಿಟ್ಟರು. "ಏಳು ವರ್ಷ ನಿನ್ನ ಮನೆಯಲ್ಲಿ ನಾನು ಕೆಟ್ಟವನಾ?" ಎಂದರು. ಆಮೇಲೆ, "ಅವಳು ವಿಮಾನ ಹತ್ತುವ ಮೊದಲು ಹೇಳು. ಹೇಳದೆ ನನ್ನ ಮನೆಗೆ ಕರೆದುಕೊಂಡು ಬರಬೇಡ" ಎಂದರು.

ನಿನ್ನೆ ಹೇಳಿದೆ. ಎಲ್ಲಿಗೆ ಎಂಬುದನ್ನು ಬರೆಯುತ್ತೇನೆ ಎಂದ ಮೇಲೆ ನೀನು ಕೇಳಿದ್ದು ಅಬೂ ಫಹದ್ ಮನೆಯ ವಿಷಯ —

"ಅವರ ಮನೆಯವರಿಗೆ ಎಂತ ತರ್ಲಿ? ಹಲಸಿನ ಚಿಪ್ಸ್ ತಿಂತಾರಾ ಅವರು?" ಕಡೆಗೆ, "ನಿಮ್ಮ ಹತ್ರ ಅಲ್ಲಿಗೆ ಬಂದೇ ಮಾತಾಡ್ತೇನೆ."

ತಿನ್ನುತ್ತಾರೆ, ಸುಮತಿ. ಎರಡು ಪೊಟ್ಟಣ ತಾ. ಗುರುವಾರ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ, ಜನ ಹೊರಗೆ ಬರುವ ಬಾಗಿಲ ಎದುರಿಗೇ ಇರುತ್ತೇನೆ. ಬಂದು ಮಾತಾಡು. ಎಷ್ಟು ದಿನ ಬೇಕೋ ಅಷ್ಟು ದಿನ ಮಾತಾಡು. ಈ ಸಲ ನಾನು ಎಲ್ಲಿಗೂ ಹೋಗಿರುವುದಿಲ್ಲ.