ಅತ್ಯಾಳಿಗಾಗಿ ಬರೆದ ತಂಬೂರಿ

ಬಾದಾಮಿಯಲ್ಲಿ ಹಾಡಿ ಇಳಕಲ್ಲಿಗೆ ಮರಳುವಾಗ ಬಸ್ಸಿನಲ್ಲಿ ಅತ್ಯಾಳ ತಂಬೂರಿಯ ಮೇಲೆ ಯಾರದೋ ಟ್ರಂಕು ಬಿತ್ತು. ಅದರ ಸೋರೆಬುರುಡೆ ಉದ್ದಕ್ಕೂ ಸೀಳಿತು. ಅದನ್ನು ಸರಿಮಾಡುವವರು ಮಿರಜಿನಲ್ಲಿದ್ದರು, ಅಲ್ಲಿಗೆ ಹೋಗುವವರು ಯಾರೂ ಸಿಗಲಿಲ್ಲ. ತಂಬೂರಿ ಮೂಲೆ ಸೇರಿತು.

ಅತ್ಯಾ ನನ್ನ ತಂದೆಯ ಅಕ್ಕ. ಮನೆಯಲ್ಲೇ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ನಾನು ಅವಳ ಜೊತೆಗಿದ್ದು, ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ತಂಬೂರಿ ಒಡೆದ ಮೇಲೆ ಅವಳು ಹಾರ್ಮೋನಿಯಂ ಹಿಡಿದು ಪಾಠ ಮುಗಿಸುತ್ತಿದ್ದಳೇ ಹೊರತು ತಾನು ಹಾಡುತ್ತಿರಲಿಲ್ಲ. ಬೆಳಗಿನ ಹೊತ್ತು ನಮ್ಮ ಮನೆ ಯಾರದೋ ಮನೆಯಂತಾಯಿತು.

ಆಗ ನನ್ನ ಹತ್ತಿರ ಒಂದು ಕಂಪ್ಯೂಟರ್ ಇತ್ತು. ಹುಬ್ಬಳ್ಳಿಯ ರೇಡಿಯೋ ರಿಪೇರಿಯವರೊಬ್ಬರಿಂದ ಹಳೆಯದನ್ನು ತಂದಿದ್ದೆ. ನೋಡಲು ಬರೀ ಕೀಲಿಮಣೆ. ಅದನ್ನು ಟಿ.ವಿ.ಗೆ ಜೋಡಿಸಬೇಕು, ಬರೆದ ಪ್ರೋಗ್ರಾಂ ಉಳಿಸಲು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟೇ ಗತಿ. ಅದರಿಂದ ಬಗೆಬಗೆಯ ದನಿ ಹೊರಡಿಸುವುದು ನನ್ನ ಹುಚ್ಚಾಗಿತ್ತು. ಅದಕ್ಕೆ ತಾನಾಗಿ ಬರುತ್ತಿದ್ದದ್ದು ಪೀಂ ಎನ್ನುವ ಒಂದೇ ದನಿ. ಆದರೆ ಅಲೆಯ ಆಕಾರವನ್ನು ಅಂಕಿಗಳ ಪಟ್ಟಿಯಾಗಿ ಬರೆದು, ಆ ಅಂಕಿಗಳನ್ನು ಒಂದರ ಹಿಂದೊಂದು ಬಿರುಸಾಗಿ ಸ್ಪೀಕರಿಗೆ ಕಳಿಸಿದರೆ ಬೇರೆ ದನಿಯೂ ಹುಟ್ಟುತ್ತಿತ್ತು. ಹಾಗೆ ಗಂಟೆಯ ದನಿ ಬರಿಸಿದ್ದೆ. ಹಾಗಾದರೆ ತಂಬೂರಿಯನ್ನು ಯಾಕೆ ಬರೆಯಬಾರದು ಎನ್ನಿಸಿತು.

ಎರಡು ವಾರ ಕೂತು ಬರೆದು ಕೇಳಿಸಿದೆ. ಅತ್ಯಾ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

“ಇದು ತಂಬೂರಿ ಅಲ್ಲವ್ವಾ. ಕಿವ್ಯಾಗ ಸೊಳ್ಳಿ ಹೊಕ್ಕಂಗಾತು.”

“ಶ್ರುತಿ ಸರಿ ಅದ ಅಲ್ಲ, ಅತ್ಯಾ? ನಿನ್ನ ಹಾರ್ಮೋನಿಯಂದ ಕರಿ ನಾಕಕ್ಕ ಇಟ್ಟೇನಿ.”

“ಶ್ರುತಿ ಅದ. ಜೀವ ಇಲ್ಲ.”

ಬೈದಳೆಂದುಕೊಂಡೆ. ಅವಳು ಎದ್ದು ಒಡೆದ ತಂಬೂರಿಯನ್ನು ತಂದಳು. ಪಕ್ಕದ ಮನೆಯವರು ನೇಕಾರರು. ಅವರಿಂದ ಒಂದು ಗೇಣು ನೂಲು ತಂದು, ತಂತಿಗೂ ಅದನ್ನು ಹೊತ್ತ ಕುದುರೆಗೂ ನಡುವೆ ತೂರಿಸಿ ಮೆಲ್ಲಗೆ ಸರಿಸುತ್ತ ಮೀಟಿದಳು. ಟಣ್ ಎಂದು ಮುಗಿಯುತ್ತಿದ್ದ ದನಿ, ನೂಲು ಒಂದು ಕಡೆ ಬಂದೊಡನೆ, ಝೇಂಕರಿಸತೊಡಗಿತು.

“ಕೇಳ್ದಿ? ಈ ದಾರಕ್ಕ ಜೀವ ಅಂತಾರ. ಮೀಟಿದ ಮ್ಯಾಲ ದನಿ ಅರಳಬೇಕು. ನಿಂದು ಹುಟ್ಟತದ, ಸಾಯತದ. ನಡುವ ಏನೂ ಆಗಂಗಿಲ್ಲ.”

ತರಗತಿಯಲ್ಲಿ ಎಷ್ಟೋ ಸಲ ಕರಿಹಲಗೆಯ ಮೇಲೆ ಒಂದೇ ಸ್ವರದೊಳಗಿಂದ ಏಳುವ ಉಪಸ್ವರಗಳ ಅಲೆಗಳನ್ನು ಬರೆದಿದ್ದೆ. ಅವು ಅರಳುವುದನ್ನು ಕಿವಿಯಿಂದ ಕೇಳಿದ್ದು ಅವತ್ತೇ.

ಒಂದೇ ಅಲೆಯ ಬದಲು ಹತ್ತಾರು ಅಲೆಗಳ ಪಟ್ಟಿ ಮಾಡಿದೆ. ಮೀಟಿದ ಮೇಲೆ ಆ ಉಪಸ್ವರಗಳು ನಿಧಾನಕ್ಕೆ ಏರಿ, ಆಮೇಲೆ ಇಳಿಯುವಂತೆ ಬರೆದೆ. ಲೆಕ್ಕ ಹಾಕಲು ಯಂತ್ರಕ್ಕೆ ಇಡೀ ಭಾನುವಾರ ಬೇಕು. ಎರಡು ಸಲ ಕರೆಂಟು ಹೋಗಿ ಮಾಡಿದ್ದೆಲ್ಲ ಅಳಿಸಿಹೋಯಿತು. ಪಕ್ಕದ ಮನೆಯ ಕೈಮಗ್ಗ ಮಾತ್ರ ಲಟಕ್ ಲಟಕ್ ಎಂದು ನಡೆದೇ ಇತ್ತು. ಬರಬರುತ್ತ ಅತ್ಯಾ ಸ್ಟೂಲು ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂರತೊಡಗಿದಳು. “ಇನ್ನೊಂದು ಚೂರು ತಡಾ ಆಗಿ ಅರಳ್ಲಿ,” ಎನ್ನುವಳು. ನಾನು ಒಂದು ಅಂಕಿ ಬದಲಿಸುವೆ. “ಪಂಚಮ ಕೂದಲೆಳಿಯಷ್ಟು ಇಳದದ,” ಎಂದಳು ಒಂದು ದಿನ. ಯಂತ್ರಕ್ಕೆ ಪೂರ್ಣಾಂಕಗಳು ಮಾತ್ರ ತಿಳಿಯುತ್ತಿದ್ದವು. ಒಂದು ಹೆಚ್ಚಿಸಿದರೆ ಏರಿಬಿಡುತ್ತಿತ್ತು. ಆ ಕೂದಲೆಳೆಗಾಗಿ ಪ್ರೋಗ್ರಾಮನ್ನೇ ಬೇರೆ ರೀತಿಯಲ್ಲಿ ಬರೆದೆ. ಅದಕ್ಕೆ ಎಂಟು ದಿನ ಹಿಡಿಯಿತು.

ಅದನ್ನು ಹಚ್ಚಿದ ಮಧ್ಯಾಹ್ನ ಅವಳು ಸ್ಟೂಲು ಎಳೆದುಕೊಂಡು ಕೂತಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಷಡ್ಜ ಹಿಡಿದು ಭೀಮಪಲಾಸಿ ಶುರುಮಾಡಿದಳು. ಐದು ತಿಂಗಳಾಗಿತ್ತು ಅವಳ ಹಾಡು ಕೇಳಿ. ನನಗೆ ಟಿ.ವಿ.ಯ ಪರದೆ ಮಂಜಾಯಿತು.

ನಡುವೆ ಕರೆಂಟು ಹೋಯಿತು. ಯಂತ್ರದ ದನಿ ಕತ್ತರಿಸಿದಂತೆ ನಿಂತಿತು. ಅತ್ಯಾ ನಿಲ್ಲಲಿಲ್ಲ, ಕಣ್ಣೂ ತೆರೆಯಲಿಲ್ಲ. ಕಾಲು ಗಂಟೆಯಾದ ಮೇಲೆ ಕರೆಂಟು ಬಂತು. ನಾನು ಸದ್ದಾಗದಂತೆ ಕ್ಯಾಸೆಟ್ ಹಾಕಿದೆ; ಲೆಕ್ಕ ಹಾಕಿಟ್ಟ ಪಟ್ಟಿಯೊಡನೆ ಪ್ರೋಗ್ರಾಂ ಯಂತ್ರಕ್ಕೆ ಇಳಿಯಲು ಐದು ನಿಮಿಷ ಬೇಕು. ಅಷ್ಟರಲ್ಲಿ ಅವಳ ಶ್ರುತಿ ಜಾರಿದ್ದರೆ ಎಂಬ ಅಂಜಿಕೆ. ಕೀಲಿ ಒತ್ತಿದೆ. ತಂಬೂರಿ ಎದ್ದು ಅವಳ ಷಡ್ಜದೊಳಗೆ ಸೇರಿಹೋಯಿತು. ಎಲ್ಲಿ ಸೇರಿತೆಂದು ಗೊತ್ತಾಗಲಿಲ್ಲ. ಅತ್ಯಾ ಹಾಡುತ್ತಲೇ ಸಣ್ಣಗೆ ನಕ್ಕಳು.

ಮುಂದೆ ಪಾಠಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದಳು: “ನಮ್ಮ ಹುಡುಗಿ ಮಾಡ್ಯಾಳ. ಬರೇ ಅಂಕಿಲೆ.”

ಮರುವರ್ಷ ನನ್ನ ತಂದೆ ಮಿರಜಿಗೆ ಹೋಗಿ ತಂಬೂರಿಗೆ ಹೊಸ ಬುರುಡೆ ಕೂರಿಸಿಕೊಂಡು ಬಂದರು. ಖುಷಿಯಾಯಿತು, ಒಳಗೆ ಸ್ವಲ್ಪ ಕಸಿವಿಸಿಯೂ ಆಯಿತು. ಟಿ.ವಿ.ಯ ತಂತಿ ಬಿಚ್ಚಲು ಎದ್ದೆ.

“ಎಲ್ಲಿ ಹೊಂಟಿ?” ಅತ್ಯಾ ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. “ನಿಂದು ಹಚ್ಚು. ಇದನ್ನ ಅದಕ್ಕ ಕೂಡಸ್ತೇನಿ.”

ನಾನು ಯಂತ್ರ ಹಚ್ಚಿದೆ. ಅವಳು ಕಿವಿ ಕೊಟ್ಟು ಒಂದೊಂದೇ ತಂತಿಯನ್ನು ಬಿಗಿಯತೊಡಗಿದಳು.